ಪಿಯೆತ್ರೋನ ಬಾದಾಮಿ ಸೋಪು

ಶಿಕಾರಿಪುರ

ನಾನು ಇಟಲಿಗೆ ಹೋದದ್ದು ಭತ್ತ ನೋಡುವುದಕ್ಕೆ. ಹೀಗೆಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. "ಭತ್ತ ನೋಡಾಕ ಸೊರಬಕ್ಕೆ ಹೋಗಿದ್ರೆ ಸಾಕಾಗ್ತಿರ್ಲಿಲ್ಲೇನೋ ತಮ್ಮಾ? ಮಾವನ ಮನೇಲಿ ಊಟಾನೂ ಹಾಕ್ತಿದ್ರು" ಎಂದು ನನ್ನ ಅಣ್ಣ ಶಿವಪ್ಪನೇ ನಕ್ಕಿದ್ದ. ಆದರೆ ಇಟಲಿಯ ಉತ್ತರಕ್ಕೆ ವೆರ್ಚೆಲ್ಲಿ ಎಂಬ ಊರಿದೆ. ಅದರ ಸುತ್ತ ಕಣ್ಣು ಹಾಯುವಷ್ಟು ದೂರ ಗದ್ದೆ. ಅಲ್ಲಿಯವರು ಎಕರೆಗೆ ನಮಗಿಂತ ಹೆಚ್ಚು ಬೆಳೆಯುತ್ತಾರೆಂದು, ಅದನ್ನು ಕಲಿತು ಬರಲು ಕೃಷಿ ಇಲಾಖೆಯವರು ಕೆಲವರನ್ನು ಆರಿಸಿದರು. ಶಿಕಾರಿಪುರ ತಾಲ್ಲೂಕಿನಲ್ಲಿ ಸೈಕಲ್ ಮೇಲೆ ಬೀಜದ ಚೀಲ ಹೇರಿಕೊಂಡು ತಿರುಗುತ್ತಿದ್ದ ನನ್ನ ಹೆಸರೂ ಅದರಲ್ಲಿ ಸೇರಿತು. ಸೂಯೆಜ್ ಕಾಲುವೆ ಮತ್ತೆ ತೆರೆದು ಹಡಗುಗಳು ಓಡಾಡತೊಡಗಿದ ಮರುವರ್ಷದ ಮಾತು ಇದು.

ಹುಕುಂನಲ್ಲಿ ವೆರ್ಚೆಲ್ಲಿ ಎಂದು ಓದಿದಾಗ ನನಗೆ ಕುಳಿತಲ್ಲೇ ಒಂದು ಥರ ಆಯಿತು. ಆ ಹೆಸರನ್ನು ನಾನು ಹದಿನೈದು ವರ್ಷದ ಹಿಂದೆಯೇ ಕೇಳಿದ್ದೆ. ಒಬ್ಬನ ಬಾಯಲ್ಲಿ ದಿನಾ ಕೇಳಿದ್ದೆ.

ಯುದ್ಧದ ಕಾಲದಲ್ಲಿ ಬೆಂಗಳೂರಿನ ಹೊರಗೆ ಇಟಲಿಯ ಸೈನಿಕರನ್ನು ಸೆರೆಯಿಟ್ಟ ದೊಡ್ಡ ಶಿಬಿರಗಳಿದ್ದವು. ಮ್ಯಾಟ್ರಿಕ್ ಮುಗಿಸಿದ ನನಗೆ ಅಂಥ ಒಂದು ಶಿಬಿರದ ಉಗ್ರಾಣದಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಅಕ್ಕಿ, ಗೋಧಿ, ಎಣ್ಣೆ ಅಳೆದು ಕೊಡುವುದು. ಕೈದಿಗಳ ಕಡೆಯಿಂದ ಚೀಲ ಹೊರಲು ಬರುತ್ತಿದ್ದವರಲ್ಲಿ ಪಿಯೆತ್ರೋ ಒಬ್ಬ. ಊರಿನಲ್ಲಿ ಅವನು ಕ್ಷೌರಿಕ, ಶಿಬಿರದಲ್ಲೂ ಅದೇ ಕೆಲಸ. ನನಗಿಂತ ಆರೇಳು ವರ್ಷಕ್ಕೆ ದೊಡ್ಡವನು. ಅವನು ನನ್ನಿಂದ ಕನ್ನಡ ಕಲಿತ, ನಾನು ಅವನಿಂದ ಇಟಾಲಿಯನ್ ಕಲಿತೆ. ಅಡುಗೆಮನೆಯಲ್ಲಿ ಉಳಿದ ಕೊಬ್ಬು, ತೆಂಗಿನೆಣ್ಣೆ, ಕಾಸ್ಟಿಕ್ ಸೋಡಾ ಸೇರಿಸಿ ಅವನು ಗಡ್ಡದ ಸೋಪು ಕುದಿಸುತ್ತಿದ್ದ. ಬೆಣ್ಣೆಯ ಹಾಗೆ ಮೆತ್ತಗೆ, ಬೆಳ್ಳಗೆ. ನನ್ನ ಮೊದಲ ಗಡ್ಡಕ್ಕೆ ಸೋಪು ಹಚ್ಚಿದವನು ಅವನೇ. ಅದರಲ್ಲಿ ಕುರಿಯ ಕೊಬ್ಬಿತ್ತೆಂದು ನಮ್ಮವ್ವನಿಗೆ ಇವತ್ತಿಗೂ ಹೇಳಿಲ್ಲ.

ಯುದ್ಧ ಮುಗಿದ ಮೇಲೆ ಅವರೆಲ್ಲ ಊರಿಗೆ ಹೋದರು. ನನಗೆ ಉಳಿದದ್ದು ಸೋಪಿನ ಹುಚ್ಚು. ಬೆಂಗಳೂರು ಬಿಟ್ಟು ಹೋಗುತ್ತಿದ್ದ ದೊರೆಗಳ ಸಾಮಾನು ಹರಾಜಾಗುವಾಗ ಜನ ಮೇಜು ಕುರ್ಚಿಗೆ ಮುಗಿಬೀಳುತ್ತಿದ್ದರೆ ನಾನು ಮೂಲೆಯಲ್ಲಿದ್ದ ಮರದ ಬಟ್ಟಲುಗಳನ್ನು ಹುಡುಕುತ್ತಿದ್ದೆ. ಅವುಗಳಲ್ಲಿ ಹಳೆಯ ಗಡ್ಡದ ಸೋಪು ಒಣಗಿ, ಕೆರೆಯ ತಳದ ಹಾಗೆ ಬಿರುಕು ಬಿಟ್ಟು ಕೂತಿರುತ್ತಿತ್ತು. ಅಂಥದ್ದನ್ನು ಎಸೆಯಬಾರದು. ಮೇಲೆ ಎರಡು ಚಮಚ ಬಿಸಿನೀರು ಹಾಕಿ ಬಿಟ್ಟರೆ ಒಳಗೆ ಅಡಗಿದ್ದ ವಾಸನೆ ಮೆಲ್ಲಗೆ ಏಳುತ್ತದೆ. ಒಂದರಲ್ಲಿ ಲ್ಯಾವೆಂಡರ್, ಒಂದರಲ್ಲಿ ನಿಂಬೆ, ಇನ್ನೊಂದರಲ್ಲಿ ನಮ್ಮದೇ ಗಂಧ. ಒದ್ದೆ ಬ್ರಷ್ಷು ಆಡಿಸಿದರೆ ಎಷ್ಟೋ ವರ್ಷ ಸುಮ್ಮನಿದ್ದ ಸೋಪು ನೊರೆ ಕೊಡುತ್ತದೆ. ಯಾರೋ ಯಾವಾಗಲೋ ಅರ್ಧ ಬಳಸಿ ಬಿಟ್ಟುಹೋದದ್ದನ್ನು ನಾನು ಮುಂದುವರಿಸುತ್ತಿದ್ದೇನೆ ಅನ್ನಿಸುತ್ತದೆ.

ಶಿಕಾರಿಪುರದ ನಮ್ಮ ಮನೆಯ ಗೂಡಿನಲ್ಲಿ ಇಂಥ ಹನ್ನೊಂದು ಬಟ್ಟಲು, ಡಬ್ಬಿ ಸೇರಿದ್ದವು. ನನ್ನ ಹೆಂಡತಿ ಪಾರ್ವತಿ ಸೊರಬದ ಹತ್ತಿರದ ಉಳವಿಯವಳು. ಮದುವೆಯಾದ ಹೊಸದರಲ್ಲಿ ಅವನ್ನು ನೋಡಿ, "ಎಂತದ್ರೀ ಇದು, ಇಷ್ಟು ಸೋಪಿಗೆ ಇರೋದು ಒಂದೇ ಮುಖ ಅಲ್ದಾ?" ಎಂದಿದ್ದಳು. ಮಾತು ಅಷ್ಟೇ. ಆದರೆ ಭಾನುವಾರ ಬೆಳಿಗ್ಗೆ ನಾನು ಕನ್ನಡಿ ತೆಗೆಯುವ ಮೊದಲೇ ಜಗಲಿಯ ಮೇಲೆ ಬಿಸಿನೀರಿನ ಚೊಂಬು ಬಂದಿರುತ್ತಿತ್ತು. ಇಟ್ಟು ಹೋಗುವಾಗ ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ನೋಡುವಂತಿರಲಿಲ್ಲ. ಪಡಸಾಲೆಯಲ್ಲಿ ಅಣ್ಣ, ನಡುಮನೆಯಲ್ಲಿ ಅವ್ವ. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಹಗಲು ಹೊತ್ತು ಹಿರಿಯರೆದುರು ಮಾತಾಡುವ ಪದ್ಧತಿಯೇ ಇರಲಿಲ್ಲ. ಹೊರಡುವ ದಿನವೂ ಅಷ್ಟೆ. ಅವ್ವ ಅತ್ತಳು, ಅಣ್ಣ ಶಿವಮೊಗ್ಗೆಯ ಬಸ್ಸಿಗೆ ಟ್ರಂಕು ಹತ್ತಿಸಿದ. ಪಾರ್ವತಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅವಳ ಸೆರಗಿನ ಅಂಚು ಮಾತ್ರ ನನಗೆ ಕಂಡಿತು.

ಹಡಗು

ಬೊಂಬಾಯಿಯಿಂದ ಹಡಗು ಹೊರಟ ಮೇಲೆ ಮೂರು ದಿವಸ ನಾನು ಮಲಗಿದಲ್ಲಿಂದ ಏಳಲಿಲ್ಲ. ತಲೆ ತಿರುಗುವುದು ನಿಂತ ದಿನ, ಇವತ್ತು ಮನುಷ್ಯನ ಹಾಗೆ ಕಾಣಬೇಕು ಎಂದು ಬಿಸಿನೀರು ಹಿಡಿದು ಗಂಧದ ಸೋಪು ತೆಗೆದೆ. ಎಷ್ಟು ತಿಕ್ಕಿದರೂ ನೊರೆ ಇಲ್ಲ. ಒಡೆದ ಹಾಲಿನ ಹಾಗೆ ಉಂಡೆ ಉಂಡೆ. ಸೋಪೇ ಕೆಟ್ಟಿತು ಎಂದು ಮುಖದ ತುಂಬ ಗಸಿ ಹಚ್ಚಿಕೊಂಡು ನಿಂತಿದ್ದಾಗ ಪಕ್ಕದಲ್ಲಿದ್ದ ಮಂಗಳೂರಿನವರೊಬ್ಬರು, "ಅದು ಸಮುದ್ರದ ನೀರು ಮಾರಾಯ್ರೇ. ಕುಡಿಯುವ ನೀರು ಆಚೆ ನಲ್ಲಿಯಲ್ಲಿ ಬರ್ತದೆ" ಎಂದರು.

ಉಳವಿಯ ನನ್ನ ಮಾವನ ಮನೆಯ ಬಾವಿ ನೆನಪಾಯಿತು. ನಮ್ಮ ಶಿಕಾರಿಪುರದ ಬಾವಿಯದು ಗಡಸು ನೀರು, ಸೋಪು ನೊರೆ ಬಿಡಲು ಸತಾಯಿಸುತ್ತದೆ. ಉಳವಿಯ ನೀರಿನಲ್ಲಿ ಬ್ರಷ್ಷು ಮುಟ್ಟಿಸಿದರೆ ಸಾಕು, ನೊರೆ ಮೊಣಕೈವರೆಗೆ ಇಳಿಯುತ್ತದೆ. ಅಲ್ಲಿ ನಾನು ಗಡ್ಡಕ್ಕೆ ಕೂತರೆ ಪಾರ್ವತಿ ತವರಿನ ಸಲಿಗೆಯಲ್ಲಿ ಹತ್ತಿರವೇ ನಿಂತು ನಗುತ್ತಿದ್ದಳು. ಹಡಗಿನ ಕಿಟಕಿಯಾಚೆ ಇದ್ದದ್ದೆಲ್ಲ ನೀರೇ. ಅಷ್ಟು ನೀರಿನಲ್ಲಿ ಒಂದು ಮುಖಕ್ಕೆ ಸಾಲುವಷ್ಟು ನೊರೆ ಇರಲಿಲ್ಲ.

ಜಿನೋವಾ

ಹಡಗಿನಿಂದ ಇಳಿದಾಗ ನನಗೊಂದು ಹೆಮ್ಮೆ ಇತ್ತು. ಉಳಿದ ಭಾರತೀಯರೆಲ್ಲ ಕೈಸನ್ನೆ ಮಾಡುತ್ತಿದ್ದರೆ ನನಗೆ ಅಲ್ಲಿಯ ಭಾಷೆ ಬರುತ್ತಿತ್ತು. ಸುಂಕದ ಕಟ್ಟೆಯ ಅಧಿಕಾರಿ ನನ್ನ ಟ್ರಂಕು ತೆರೆದು ಒಂದು, ಎರಡು, ಮೂರು, ನಾಲ್ಕು ಸೋಪಿನ ಡಬ್ಬಿ ಹೊರಗಿಟ್ಟು, ಒಂದು ಗಡ್ಡಕ್ಕೆ ಇಷ್ಟೇಕೆ ಎಂಬಂತೆ ಹುಬ್ಬೇರಿಸಿದ. ಪಾರ್ವತಿಯ ಪ್ರಶ್ನೆಯೇ. ಇವು ಹಳೆಯವು, ನನಗೆ ಪ್ರಿಯವಾದವು ಎಂದು ನಾನು ಬಹಳ ಮರ್ಯಾದೆಯಿಂದ ಇಟಾಲಿಯನ್‌ನಲ್ಲಿ ಹೇಳಿದೆ. ಆ ಮನುಷ್ಯನ ಮುಖ ಕೆಂಪಾಯಿತು. ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ಆಮೇಲೆ ಅವನು ಮೇಜು ಬಡಿದು ನಗತೊಡಗಿದ, ಪಕ್ಕದವರನ್ನೂ ಕರೆದ, ನನ್ನಿಂದ ಅದೇ ಮಾತನ್ನು ಮತ್ತೆ ಹೇಳಿಸಿದ.

ಆಗ ತಿಳಿಯಿತು. ನನಗೆ ಭಾಷೆ ಕಲಿಸಿದವರು ಸೈನಿಕರು. ಎರಡು ಮಾತಿಗೆ ಒಂದು ಬೈಗುಳ ಸೇರಿಸಿ ಮಾತಾಡುವುದು ಅವರ ರೂಢಿ. ಅದನ್ನೇ ವ್ಯಾಕರಣ ಎಂದುಕೊಂಡು ನಾನು ಬಾಯಿಪಾಠ ಮಾಡಿದ್ದೆ. ಟ್ರಂಕಿಗೆ ಸೀಮೆಸುಣ್ಣದ ಗುರುತು ಬಿತ್ತು. ಆಮೇಲಿನ ಕೆಲವು ದಿನ ನಾನೂ ಎಲ್ಲರಂತೆ ಕೈಸನ್ನೆಯಲ್ಲೇ ಕಾಲ ಹಾಕಿದೆ.

ವೆರ್ಚೆಲ್ಲಿ

ರೈಲಿನ ಕಿಟಕಿಯಿಂದ ಮೊದಲ ಗದ್ದೆ ಕಂಡಾಗ ನಾನು ಎದ್ದು ನಿಂತುಬಿಟ್ಟೆ. ನೀರು ನಿಂತ ಗದ್ದೆ, ನಡುವೆ ಬದು, ನೀರಿನಲ್ಲಿ ಆಕಾಶ. ಗದ್ದೆಯ ಅಂಚಿಗೆ ನೆಟ್ಟನೆಯ ಪಾಪ್ಲರ್ ಮರಗಳು, ಬಹಳ ದೂರದಲ್ಲಿ ಹಿಮದ ಬೆಟ್ಟ. ಆ ಬೆಟ್ಟವೊಂದನ್ನು ಕೈಯಿಂದ ಮರೆಮಾಡಿದರೆ ಸೊರಬದ ದಾರಿಯಲ್ಲಿದ್ದೇನೆ ಎನ್ನಬಹುದಿತ್ತು. ಬಕಪಕ್ಷಿಗಳೂ ಇದ್ದವು. ನಮ್ಮ ಸೊರಬದ ಗುಡವಿಯ ಕೆರೆಯಿಂದ ಎದ್ದು ಇಲ್ಲಿಗೆ ಬಂದಿಳಿದ ಹಾಗೆ ಒಂದೊಂದು ಗದ್ದೆಗೆ ಒಂದೊಂದು ತಪಸ್ಸಿಗೆ ನಿಂತಿದ್ದವು.

ನಾಟಿಗೂ ಕಳೆಗೂ ಅಲ್ಲಿ ದೂರದ ಊರುಗಳಿಂದ ಹೆಂಗಸರು ಬರುತ್ತಾರೆ. ತಲೆಗೆ ಅಗಲವಾದ ಹುಲ್ಲಿನ ಟೋಪಿ, ಮೊಣಕಾಲವರೆಗೆ ನೀರು, ಸಾಲಾಗಿ ಬಾಗಿ ಹಿಂದೆ ಹಿಂದೆ ಸರಿಯುತ್ತ ಹಾಡುತ್ತಾರೆ. ಒಬ್ಬಳು ಸಾಲು ಎತ್ತಿಕೊಡುವುದು, ಉಳಿದವರು ಹಿಂದೆ ಹಿಡಿಯುವುದು. ನಮ್ಮ ತರಬೇತಿಯ ಮೇಷ್ಟರು ಸಸಿಯ ಅಂತರ ವಿವರಿಸುತ್ತಿದ್ದರು. ನಾನು ಹಾಡು ಕೇಳುತ್ತಿದ್ದೆ. ಅರ್ಥವಾಗಲಿಲ್ಲ, ಆದರೆ ಮನೆಗೆ ಹೋಗಬೇಕು ಎಂಬ ಹಾಡು ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತದೆ. ಉಳವಿಯ ಗದ್ದೆಯಲ್ಲಿ ಪಾರ್ವತಿ ಮದುವೆಗೆ ಮೊದಲು ನಾಟಿಗೆ ಇಳಿಯುತ್ತಿದ್ದಳಂತೆ. ಅವಳು ಎತ್ತಿಕೊಡುತ್ತಿದ್ದಳೋ ಹಿಡಿಯುತ್ತಿದ್ದಳೋ ನಾನು ಕೇಳಿಯೇ ಇರಲಿಲ್ಲ.

ಊಟದ್ದು ಬೇರೆ ಕಥೆ. ಮೊದಲ ದಿನ ಬಿಸಿ ಬಿಸಿ ಮೆತ್ತನೆಯ ಅನ್ನ ಬಂತು. ಊರು ಬಿಟ್ಟ ಮೇಲೆ ಅನ್ನ ಕಂಡಿರಲಿಲ್ಲ. ಚಮಚ ಹಾಕುವ ಮೊದಲು, ಇದರಲ್ಲಿ ಇರುವುದೇನು ಎಂದು ಕೈಸನ್ನೆಯಲ್ಲಿ ಕೇಳಿದೆ. ಬಡಿಸುವ ಹೆಂಗಸಿಗೆ ನನ್ನ ಪ್ರಶ್ನೆ ಅರ್ಥವಾಗಿ, ಎರಡು ಕೈಯನ್ನೂ ಮೇಜಿನ ಮೇಲಿಟ್ಟು ಟಣ್ಣೆಂದು ಹಾರಿ ತೋರಿಸಿದಳು. ಕಪ್ಪೆ! ಅಲ್ಲಿಂದ ಮುಂದೆ ನಾನು ಬ್ರೆಡ್ಡು, ಗಿಣ್ಣಿನಂಥ ಚೀಸು, ಮತ್ತು ಮೆಕ್ಕೆಜೋಳದ ಹಳದಿ ಮುದ್ದೆಯ ಮೇಲೆ ಬದುಕಿದೆ. ಆ ಮುದ್ದೆ ನಮ್ಮದಕ್ಕೆ ದೂರದ ನೆಂಟ. ಸಾರಿಲ್ಲದ ಕಾರಣ ಗಂಟಲಲ್ಲಿ ಸ್ವಲ್ಪ ಹೊತ್ತು ತಂಗಿ ಇಳಿಯುತ್ತಿತ್ತು.

ಪಿಯೆತ್ರೋನ ಹಳ್ಳಿ

ಮೊದಲ ಭಾನುವಾರ ಒಂದು ಸೈಕಲ್ ಎರವಲು ಪಡೆದು ಹೊರಟೆ. ಕಾಲುವೆಯ ಏರಿ ಹಿಡಿದು ಹೋದರೆ ತಮ್ಮ ಇಗರ್ಜಿಯ ಗೋಪುರ ಕಾಣುತ್ತದೆ ಎಂದು ಪಿಯೆತ್ರೋ ಶಿಬಿರದಲ್ಲಿ ಎಷ್ಟು ಸಲ ಹೇಳಿದ್ದನೆಂದರೆ ಯಾರನ್ನೂ ದಾರಿ ಕೇಳಬೇಕಾಗಿರಲಿಲ್ಲ. ಆದರೆ ಅವನು ಬದುಕಿದ್ದಾನೋ ಇಲ್ಲವೋ ನನಗೆ ತಿಳಿದಿರಲಿಲ್ಲ. ಹೋದ ಮೇಲೆ ಅವನಿಂದ ಒಂದು ಸುದ್ದಿಯೂ ಬಂದಿರಲಿಲ್ಲ. ಅದನ್ನೇ ಯೋಚಿಸುತ್ತ, ಒಂದು ಬಕವನ್ನು ನೋಡುತ್ತ, ಸೈಕಲ್ ಸಮೇತ ಗದ್ದೆಗೆ ಬಿದ್ದೆ. ಅಂತೂ ಸೊಂಟದವರೆಗೆ ಇಟಲಿಯ ಕೆಸರು ಮೆತ್ತಿಕೊಂಡು ಆ ಹಳ್ಳಿಯ ಕ್ಷೌರದಂಗಡಿಯ ಬಾಗಿಲಲ್ಲಿ ನಿಂತೆ.

ಒಳಗೆ ನಾಲ್ಕೈದು ಮಂದಿ ಸರದಿಗೆ ಕಾದಿದ್ದರು. ಕುರ್ಚಿಯಲ್ಲಿದ್ದವನ ಕೆನ್ನೆಗೆ ಬ್ರಷ್ಷು ಆಡಿಸುತ್ತಿದ್ದ ಮನುಷ್ಯನ ತಲೆ ಅರ್ಧ ಬೋಳಾಗಿತ್ತು, ಬೆನ್ನು ಸ್ವಲ್ಪ ಬಾಗಿತ್ತು. ಅವನು ತಿರುಗಿ ಈ ಕಪ್ಪು ಕೆಸರಿನ ಮನುಷ್ಯನನ್ನು ನೋಡಿ, ಏನು ಬೇಕಿತ್ತು ಎಂದು ಇಟಾಲಿಯನ್‌ನಲ್ಲಿ ಕೇಳಿದ. ನನ್ನ ಬಾಯಲ್ಲಿ ಕನ್ನಡವೇ ಬಂತು.

"ಪಿಯೆತ್ರೋ, ನಾನು ಗದಿಗೆಪ್ಪ."

ಬ್ರಷ್ಷು ಗಾಳಿಯಲ್ಲೇ ನಿಂತಿತು. ನೊರೆ ಅವನ ತೋಳಿನ ಮೇಲೆ ಇಳಿಯಿತು. ಆಮೇಲೆ ಅವನು ಆ ಪುಟ್ಟ ಅಂಗಡಿ ನಡುಗುವ ಹಾಗೆ ಕೂಗಿದ: "ಏನಯ್ಯಾ! ಎಲ್ಲಯ್ಯಾ ಹೋಗಿದ್ದೆ ಇಷ್ಟು ದಿನ! ಬಾರಯ್ಯಾ, ಕೂತ್ಕೊಳಯ್ಯಾ!"

ನನ್ನಿಂದಲೂ ಉಗ್ರಾಣಕ್ಕೆ ಬರುತ್ತಿದ್ದ ಬೆಂಗಳೂರಿನ ಮಂಡಿಯ ಹಮಾಲರಿಂದಲೂ ಕಲಿತ ಕನ್ನಡ, ಹಾಗೇ ಇತ್ತು. ಕುರ್ಚಿಯಲ್ಲಿದ್ದವನನ್ನು ಅರ್ಧ ಗಡ್ಡದಲ್ಲೇ ಎಬ್ಬಿಸಿ ನನ್ನನ್ನು ಕೂರಿಸಿದ. ಆ ಮನುಷ್ಯ ನೊರೆ ಮೆತ್ತಿದ ಮುಖದಲ್ಲೇ ಬೆಂಚಿನ ಮೇಲೆ ಕುಳಿತು ನಮ್ಮಿಬ್ಬರನ್ನೂ ಬಾಯಿ ತೆರೆದು ನೋಡುತ್ತಿದ್ದ.

ಪಿಯೆತ್ರೋ ದೊಡ್ಡ ಸೋಪಿನ ಗಟ್ಟಿಯಿಂದ ಒಂದು ತುಂಡು ಕೊಯ್ದು, ಹೆಬ್ಬೆರಳಿನಿಂದ ಬಟ್ಟಲ ತಳಕ್ಕೆ ಒತ್ತಿ, ಒದ್ದೆ ಬ್ರಷ್ಷು ತಿರುಗಿಸತೊಡಗಿದ. ವಾಸನೆ ಎದ್ದಿತು. ಬಾದಾಮಿ. ತಿನ್ನುವ ಬಾದಾಮಿಯಲ್ಲ, ಕಹಿ ಬಾದಾಮಿಯದು, ಮೂಗಿನ ತುದಿಯಲ್ಲಿ ಸಿಹಿಯಾಗಿ ಆಮೇಲೆ ಸ್ವಲ್ಪ ನೋಯಿಸುವಂಥದ್ದು. ಬೆಚ್ಚನೆಯ ನೊರೆ ಕೆನ್ನೆಗೆ ಮುಟ್ಟಿದಾಗ ಕಣ್ಣು ಮುಚ್ಚಿದೆ. ಉಗ್ರಾಣದ ಗೋಣಿಚೀಲ, ಮುಳ್ಳುತಂತಿ, ಇಪ್ಪತ್ತರ ವಯಸ್ಸು ಎಲ್ಲ ಒಟ್ಟಿಗೆ ಬಂದವು. ಕಣ್ಣಂಚಿನಿಂದ ಇಳಿದದ್ದನ್ನು ಅವನು ಏನೂ ಕೇಳದೆ ಟವೆಲ್ಲಿನಿಂದ ಒರೆಸಿದ.

ಮಧ್ಯಾಹ್ನ ಅಂಗಡಿಯ ಹಿಂದಿದ್ದ ಮನೆಯಲ್ಲಿ ಊಟ. ಅವನ ಹೆಂಡತಿ ರೋಸಾ ಗಟ್ಟಿ ಮೈಕಟ್ಟಿನ, ಮಾತು ಕಡಿಮೆಯ ಹೆಂಗಸು. ಕಪ್ಪೆಯ ಭಯ ಹೇಳಿಕೊಂಡ ಮೇಲೆ ನನಗಾಗಿ ಹುರುಳಿಕಾಯಿ ಹಾಕಿ ಅನ್ನ ಮಾಡಿದಳು. ಅವರಿಗೆ ಮಕ್ಕಳಿರಲಿಲ್ಲ. ಊಟದುದ್ದಕ್ಕೂ ಪಿಯೆತ್ರೋ ಕನ್ನಡದಲ್ಲಿ ಬೆಂಗಳೂರಿನ ಬಗ್ಗೆಯೇ ಕೇಳಿದ. ಶಿಬಿರದ ಬೇಲಿಯಾಚೆ ಇದ್ದ ಹುಣಸೆಮರ ಇದೆಯಾ? ಸಂಜೆ ಗಾಡಿಯಲ್ಲಿ ಹೋಗುತ್ತಿದ್ದ ಮಲ್ಲಿಗೆಯ ವಾಸನೆ ಈಗಲೂ ರಸ್ತೆಗೆ ಬರುತ್ತದೆಯಾ? ನಾನು ಉತ್ತರಿಸುತ್ತಿದ್ದೆ. ರೋಸಾ ತಟ್ಟೆ ತೆಗೆಯುತ್ತ, ಇಡುತ್ತ, ನನ್ನ ಮುಖವನ್ನೂ ಅವನ ಮುಖವನ್ನೂ ಸರದಿಯಲ್ಲಿ ನೋಡುತ್ತಿದ್ದಳು. ಮಲ್ಲಿಗೆ ಎಂಬ ಪದ ಬಂದಾಗಲೆಲ್ಲ ಅವಳ ಕೈ ಸ್ವಲ್ಪ ನಿಲ್ಲುತ್ತಿತ್ತು. ಅವಳು ಅದನ್ನು ಯಾರದೋ ಹೆಸರು ಎಂದುಕೊಂಡಿದ್ದಳೆಂದು ನನಗೆ ಆಗ ತಿಳಿಯಲಿಲ್ಲ.

ರೋಸಾಳ ಪ್ರಶ್ನೆ

ಅಲ್ಲಿಂದ ಮುಂದೆ ನನ್ನ ಭಾನುವಾರಗಳೆಲ್ಲ ಅಲ್ಲಿಯೇ. ಪಿಯೆತ್ರೋ ತನ್ನ ತಂದೆಯ ಕಾಲದ ಕಪಾಟು ತೆರೆದು, ಯುದ್ಧಕ್ಕೆ ಮೊದಲಿನ ಡಬ್ಬಿಗಳನ್ನು ನನ್ನ ಮುಂದೆ ಸುರಿದ. ಕೆಲವು ಕಲ್ಲಾಗಿದ್ದವು. ಒಂದರ ಮುಚ್ಚಳದಲ್ಲಿ ಮೀಸೆಯ ದೊರೆ, ಇನ್ನೊಂದರಲ್ಲಿ ತುಕ್ಕು ತಿಂದು ಅರ್ಧ ಉಳಿದ ಒಬ್ಬ ಚೆಲುವೆ. ಬಿಸಿನೀರು ಹಾಕಿಟ್ಟು, ಯಾವುದು ಏಳುತ್ತದೆ ಯಾವುದು ಏಳುವುದಿಲ್ಲ ಎಂದು ನಾವಿಬ್ಬರೂ ಮಕ್ಕಳ ಹಾಗೆ ಕಾಯುತ್ತಿದ್ದೆವು. ಎದ್ದ ಒಂದೊಂದನ್ನೂ ನನ್ನ ಕೆನ್ನೆಯ ಮೇಲೆ ಪ್ರಯೋಗ ಮಾಡುತ್ತಿದ್ದ. ಇಟಲಿಯಲ್ಲಿ ಇದ್ದಾಗಿನಷ್ಟು ನುಣ್ಣಗೆ ನನ್ನ ಮುಖ ಇನ್ನೆಂದೂ ಇರಲಿಲ್ಲ.

ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ಅವನು ಅಂಗಡಿಯ ಬಾಗಿಲು ಹಾಕಿ, ತನ್ನ ಗಡ್ಡ ತಾನೇ ಮಾಡಿಕೊಳ್ಳುತ್ತಿದ್ದ. ಮುಖದ ತುಂಬ ನೊರೆ ಹಚ್ಚಿ, ಕತ್ತಿ ತೆಗೆಯದೆ, ಕನ್ನಡಿಯ ಮುಂದೆ ಕಣ್ಣು ಮುಚ್ಚಿ ಕುಳಿತುಬಿಡುತ್ತಿದ್ದ. ನೊರೆ ಒಣಗಿ ಬಿರಿಯುವವರೆಗೂ ಹಾಗೇ. ನನಗೆ ಅದೇನೂ ವಿಚಿತ್ರ ಅನ್ನಿಸಲಿಲ್ಲ. ಶಿಬಿರದಲ್ಲೂ ಅವನು ಭಾನುವಾರ ಹೀಗೆಯೇ ಕೂರುತ್ತಿದ್ದ.

ನಾನು ಊರಿಗೆ ಹೊರಡುವ ಹಿಂದಿನ ಭಾನುವಾರ ಅವನು ಹಾಗೆ ಕುಳಿತಿದ್ದಾಗ, ರೋಸಾ ಹಿತ್ತಲ ಬಾಗಿಲಿನಿಂದ ನನ್ನನ್ನು ಕರೆದಳು. ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿಯ ಹತ್ತಿರ ನಿಲ್ಲಿಸಿ, ನನಗೆ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಕೇಳಿದಳು.

"ನೀವು ಅಲ್ಲಿದ್ದಿರಿ. ಎಲ್ಲಾ ನೋಡಿದ್ದೀರಿ. ನನಗೆ ನಿಜ ಹೇಳಿ. ಅಲ್ಲಿ ಯಾರಿದ್ರು?"

"ಅಲ್ಲಿ ಸಾವಿರಾರು ಜನ ಇದ್ರು" ಎಂದೆ.

"ಅದಲ್ಲ. ಹೆಂಗಸು. ಮಲ್ಲಿಗೆ ಅಂದ್ರೆ ಯಾರು?"

ನನಗೆ ನಗು ಬಂತು. ಅವಳ ಮುಖ ನೋಡಿ ನಗು ನಿಂತಿತು. ಮಲ್ಲಿಗೆ ಒಂದು ಹೂವು, ಬಿಳಿಯದು, ನಮ್ಮಲ್ಲಿ ಹೆಂಗಸರು ಮುಡಿಯುತ್ತಾರೆ ಎಂದೆ. ಮುಳ್ಳುತಂತಿಯ ಒಳಗೆ ಹೆಂಗಸರ ನೆರಳೂ ಬೀಳುತ್ತಿರಲಿಲ್ಲ ಎಂದೆ. ಅವಳು ನಂಬಲಿಲ್ಲ.

"ಮದುವೆ ಆಗಿ ನಾಲ್ಕು ತಿಂಗಳಿಗೆ ಅವನನ್ನ ಕರ್ಕೊಂಡು ಹೋದ್ರು. ಏಳು ವರ್ಷ ಕಾದೆ. ಸತ್ತ ಅಂದ್ರು ಜನ, ಬೇರೆ ಮದುವೆ ಆಗು ಅಂದ್ರು ನಮ್ಮಪ್ಪ. ಕಾದೆ. ಬಂದ. ಬಂದವನು ಪ್ರತಿ ಭಾನುವಾರ ಮುಖಕ್ಕೆ ಸೋಪು ಹಚ್ಕೊಂಡು ಕಣ್ಣು ಮುಚ್ತಾನೆ. ನಾನು ಬಾಗಿಲಲ್ಲೇ ನಿಂತಿದ್ರೂ ಗೊತ್ತಾಗಲ್ಲ. ಹನ್ನೆರಡು ವರ್ಷದಿಂದ ನೋಡ್ತಿದೀನಿ. ಅವನು ಅಲ್ಲಿಗೇ ಹೋಗ್ತಾನೆ, ನಿಮ್ಮ ದೇಶಕ್ಕೆ. ಅಲ್ಲಿ ಯಾರ ಹತ್ರ ಹೋಗ್ತಾನೆ?"

ಅವಳ ಕೈಯಲ್ಲಿ ಹಿಂಡಿದ ಬಟ್ಟೆ ಇತ್ತು. ಅದನ್ನು ಇನ್ನೂ ಹಿಂಡುತ್ತಲೇ ಇದ್ದಳು. ನನಗೆ ಗೊತ್ತಿದ್ದದ್ದು ಒಂದೇ ಸಂಗತಿ. ಅದನ್ನೇ ಹೇಳಿದೆ.

ಶಿಬಿರದಲ್ಲಿ ಅವನು ಕುದಿಸುತ್ತಿದ್ದ ಸೋಪಿಗೆ ಮೊದಲು ಯಾವ ಪರಿಮಳವೂ ಇರಲಿಲ್ಲ. ಒಂದು ದಿನ ಬಂದು, "ಬಾದಾಮಿ ಬೇಕಯ್ಯಾ" ಎಂದ. ಯುದ್ಧದ ಕಾಲ, ಬಾದಾಮಿ ಎಲ್ಲಿ ತರಲಿ? ಕಡೆಗೆ ಅವನೇ ಉಪಾಯ ಹೇಳಿದ. ಪೀಚ್ ಹಣ್ಣಿನ ಓಟೆ ಒಡೆದರೆ ಒಳಗಿನ ಬೀಜಕ್ಕೂ ಅದೇ ವಾಸನೆ. ಬೆಂಗಳೂರಿನಲ್ಲಿ ಆ ಹಣ್ಣು ಸಿಗುವ ಕಾಲದಲ್ಲಿ ನಾನು ಹಣ್ಣಿನಂಗಡಿಯವರು ಎಸೆದ ಓಟೆಗಳನ್ನು ಆರಿಸಿ ಚೀಲದಲ್ಲಿ ತರುತ್ತಿದ್ದೆ. ಅವನು ಕಲ್ಲಿನಿಂದ ಒಂದೊಂದಾಗಿ ಒಡೆದು, ಬೀಜ ಬಿಡಿಸಿ, ಅರೆದು, ಬೆಚ್ಚಗಿನ ನೀರಿನಲ್ಲಿ ನೆನೆಸಿಡುತ್ತಿದ್ದ. ಬೆರಳು ಜಜ್ಜಿಕೊಳ್ಳುತ್ತಿದ್ದ. ಇಷ್ಟು ಕಷ್ಟ ಯಾಕೆ, ಸುಮ್ಮನೆ ನಿಂಬೆಸಿಪ್ಪೆ ಹಾಕು ಎಂದು ನಾನೊಮ್ಮೆ ಹೇಳಿದ್ದೆ. ಆಗ ಅವನು ತನ್ನ ಹೆಂಡತಿಯ ವಿಷಯ ಹೇಳಿದ. ಮದುವೆಗೆ ಮೊದಲು ಅವಳು ಬಿಸ್ಕತ್ತಿನ ಭಟ್ಟಿಯಲ್ಲಿ ಬಾದಾಮಿ ಸುಲಿಯುವ ಕೆಲಸಕ್ಕಿದ್ದಳಂತೆ. ಅವಳ ಅಂಗೈಗೆ ಯಾವಾಗಲೂ ಅದೇ ವಾಸನೆಯಂತೆ. "ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಅವಳು ಬಂದು ಮುಖ ಹಿಡ್ಕೋತಾಳೆ ಕಣಯ್ಯಾ" ಎಂದಿದ್ದ.

ಇದನ್ನೆಲ್ಲ ನನ್ನ ಮುರುಕು ಇಟಾಲಿಯನ್‌ನಲ್ಲಿ ಹೇಳಲು ಬಹಳ ಹೊತ್ತು ಹಿಡಿಯಿತು. ಮಧ್ಯೆ ಎಲ್ಲೋ ಸೈನಿಕರ ಬೈಗುಳಗಳೂ ಸೇರಿಕೊಂಡಿರಬೇಕು. ಅವಳು ಅವನ್ನು ಗಮನಿಸಲೇ ಇಲ್ಲ.

"ಇಲ್ಲಿ ಎಲ್ಲಾ ಕ್ಷೌರದಂಗಡಿಯ ಸೋಪಿಗೂ ಬಾದಾಮಿ ವಾಸನೆಯೇ" ಎಂದಳು ನಿಧಾನವಾಗಿ. "ಪೇಟೆಯಿಂದ ಹಾಗೇ ಬರುತ್ತೆ."

"ಅಲ್ಲಿ ಬರ್ತಿರ್ಲಿಲ್ಲ" ಎಂದೆ.

ರೋಸಾ ಬಟ್ಟೆ ಅಲ್ಲೇ ಎಸೆದು ಅಂಗಡಿಗೆ ನುಗ್ಗಿದಳು. ಅವಳ ಹಿಂದೆ ನಾನೂ ಓಡಿದೆ. ಪಿಯೆತ್ರೋ ಇನ್ನೂ ನೊರೆಯ ಮುಖದಲ್ಲಿ ಕುಳಿತಿದ್ದ. ಅವಳು ಗೂಟದಿಂದ ಟವೆಲ್ಲು ಎಳೆದು ಅವನ ಬೆನ್ನಿಗೆ ಬಾರಿಸತೊಡಗಿದಳು. "ಹನ್ನೆರಡು ವರ್ಷ! ಬಾಯಿ ಇರ್ಲಿಲ್ವಾ ನಿನಗೆ? ಹನ್ನೆರಡು ವರ್ಷ ನನ್ನನ್ನ ಸುಟ್ಟೆಯಲ್ಲಾ!" ಅವನು ಕೈ ಅಡ್ಡ ಹಿಡಿದು, ಏನಾಯಿತೆಂದು ತಿಳಿಯದೆ ನನ್ನ ಕಡೆ ನೋಡಿ ಕನ್ನಡದಲ್ಲಿ, "ಏನಯ್ಯಾ ಹೇಳಿದೆ ಇವಳಿಗೆ?" ಎಂದು ಕೂಗಿದ.

"ಓಟೆ ಒಡೆದದ್ದು" ಎಂದೆ.

ಅವನು ಕೈ ಇಳಿಸಿದ. ಅವಳು ಹೊಡೆಯುವುದನ್ನು ನಿಲ್ಲಿಸಿದಳು. ಅವನು ತಲೆ ತಗ್ಗಿಸಿ, ಇಟಾಲಿಯನ್‌ನಲ್ಲಿ, ನನಗೂ ತಿಳಿಯುವಷ್ಟು ನಿಧಾನವಾಗಿ ಹೇಳಿದ. "ಅಲ್ಲಿ ಕಣ್ಣು ಮುಚ್ಚಿದರೆ ನೀನು ಬರ್ತಿದ್ದೆ. ಅದೇ ರೂಢಿ ಆಯ್ತು. ಇಲ್ಲಿಗೆ ಬಂದ ಮೇಲೆ ಕಣ್ಣು ಬಿಟ್ಟುಕೊಂಡು ನಿನ್ನ ಹತ್ರ ಹೇಗೆ ಮಾತಾಡೋದು ಅಂತ ನನಗೆ ಗೊತ್ತಾಗ್ಲೇ ಇಲ್ಲ, ರೋಸಾ."

ರೋಸಾ ಅವನ ಮುಖದ ನೊರೆಯನ್ನು ಟವೆಲ್ಲಿನಿಂದ ಒರೆಸಲಿಲ್ಲ. ತನ್ನ ಎರಡೂ ಒದ್ದೆ ಕೈಯಿಂದ ಒರೆಸಿದಳು. ನಾನು ಸೈಕಲ್ ನೋಡುವ ನೆಪದಲ್ಲಿ ಹೊರಗೆ ಬಂದೆ.

ನಿಲ್ದಾಣ

ಹೊರಡುವ ದಿನ ಇಬ್ಬರೂ ವೆರ್ಚೆಲ್ಲಿಯ ರೈಲು ನಿಲ್ದಾಣಕ್ಕೆ ಬಂದಿದ್ದರು. ಅಂಗಡಿ ಬಾಗಿಲು ಹಾಕಿ ಬಂದಿದ್ದೇವೆ ಎಂದು ಪಿಯೆತ್ರೋ ಏನೋ ತುಂಟತನ ಮಾಡಿದವನಂತೆ ಹೇಳಿದ. ಅವನ ತಂದೆಯ ಕಾಲದ ಎರಡು ಡಬ್ಬಿ, ಬಾದಾಮಿ ಸೋಪಿನ ಒಂದು ಗಟ್ಟಿ ನನ್ನ ಟ್ರಂಕು ಸೇರಿದವು. ಅವನು ರೈಲಿನ ವಿಚಾರಣೆಗೆ ಹೋದಾಗ ರೋಸಾ ನನ್ನನ್ನು ಕೇಳಿದಳು.

"ನಿಮ್ಮ ಹೆಂಡತಿ ಹೆಸರೇನು?"

"ಪಾರ್ವತಿ."

"ಅವಳಿಗೆ ಏನಂತ ಬರೀತಿದ್ರಿ?"

ಕಾಗದ ಅವಳಿಗೆ ಬರೆಯುವುದಿಲ್ಲ, ಮನೆಗೆ ಬರೆಯುತ್ತೇನೆ, ಅದನ್ನು ನಮ್ಮ ಅಣ್ಣ ಪಡಸಾಲೆಯಲ್ಲಿ ಗಟ್ಟಿಯಾಗಿ ಓದುತ್ತಾನೆ ಎಂದೆ. ಇಲ್ಲಿಯ ಗದ್ದೆ, ಹವೆ, ನನ್ನ ಆರೋಗ್ಯ, ಇಷ್ಟೇ ಬರೆದಿದ್ದೆ. ನಮ್ಮ ಕಡೆ ಹಿರಿಯರೆದುರು ಹೆಂಡತಿಯ ಹೆಸರು ಹಿಡಿದು ಏನನ್ನೂ ಹೇಳುವುದಿಲ್ಲ ಎಂದು ವಿವರಿಸಿದೆ. ಇದು ನಮ್ಮ ಪದ್ಧತಿ ಎಂದೆ.

"ಅವಳು ನೆನಪಾಗ್ಲಿಲ್ವಾ ನಿಮಗೆ?"

ನಾನು ಟ್ರಂಕಿನ ಬೀಗ ನೋಡತೊಡಗಿದೆ. ಗದ್ದೆ ಕಂಡರೆ, ನೀರು ಕಂಡರೆ, ಮುಖಕ್ಕೆ ನೊರೆ ತಾಗಿದರೆ ಸಾಕು, ಅವಳೇ. ರೋಸಾ ನನ್ನ ಮುಖ ನೋಡಿ ತಿಳಿದುಕೊಂಡಳು.

"ಅದನ್ನ ಅವಳಿಗೆ ಹೇಳಿ. ಸುಮ್ಮನಿರೋ ಗಂಡಸರ ಜೊತೆ ಬಾಳೋದು ಬಹಳ ಕಷ್ಟ" ಎಂದಳು.

ರೈಲು ಹೊರಟಾಗ ಪಿಯೆತ್ರೋ ಕೈ ಬೀಸುತ್ತ, "ಹೋಗ್ ಬಾರಯ್ಯಾ!" ಎಂದು ಕೂಗಿದ. ರೋಸಾ ಅವನ ತೋಳಿಗೆ ತೋಳು ಸೇರಿಸಿ ನಿಂತಿದ್ದಳು.

ಮನೆ

ಶಿವಮೊಗ್ಗೆಯಿಂದ ಬಂದ ಬಸ್ಸು ಇಳಿದಾಗ ಮಳೆಗಾಲ ಮುಗಿಯುತ್ತ ಬಂದಿತ್ತು. ಮನೆಯ ಪಡಸಾಲೆಯ ತುಂಬ ಜನ. ಕುಬಟೂರಿನ ದೊಡ್ಡಮ್ಮನೂ ಬಂದಿದ್ದಳು. ಕಾಲು ತೊಳೆದು ಕೂತದ್ದೇ ತಡ, ಪ್ರಶ್ನೆಗಳು. ವಿಮಾನ ಕಂಡೆಯಾ, ಅವರು ದಿನಾ ಸ್ನಾನ ಮಾಡುತ್ತಾರಾ, ಅಲ್ಲಿ ದನಗಳು ಎಷ್ಟು ಹಾಲು ಕೊಡುತ್ತವೆ. ನಾನು ಕಪ್ಪೆಯ ಅನ್ನದ ಕಥೆ ಹೇಳಿದೆ. ದೊಡ್ಡಮ್ಮ ಶಿವಶಿವಾ ಎಂದು ಕಿವಿ ಮುಚ್ಚಿಕೊಂಡಳು. ಎಲ್ಲರೂ ನಕ್ಕರು. ಪಾರ್ವತಿ ಅಡುಗೆಮನೆಯಲ್ಲಿದ್ದಳು. ಬಳೆಯ ಸದ್ದಷ್ಟೇ ಬರುತ್ತಿತ್ತು.

ನಗು ಇಳಿದ ಮೇಲೆ ಅಣ್ಣ ಗೋಡೆಗೆ ಒರಗಿ ಕೇಳಿದ. "ಅದೆಲ್ಲ ಇರ್ಲಿ ಗದಿಗೆಪ್ಪ. ಅಷ್ಟು ದೂರದಾಗ ನಿನಗ ಬಾಳ ಕಷ್ಟ ಆಗಿದ್ದು ಏನು? ಊಟದ್ದಾ, ಚಳೀದಾ?"

ಊಟದ್ದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಬಾಯಿಗೆ ಅದೇ ಬಂದಿತ್ತು ಕೂಡ. ಅಣ್ಣನ ಮುಖ ನೋಡದೆ, ನೆಲ ನೋಡುತ್ತ ಹೇಳಿದೆ.

"ಊಟದ್ದೂ ಅಲ್ಲ, ಚಳೀದೂ ಅಲ್ಲ ಅಣ್ಣಾ. ಪಾರ್ವತಿ ಇಲ್ದಿದ್ದು ಕಷ್ಟ ಆತು. ದಿನಾ ನೆನಪಾಗ್ತಿದ್ಲು."

ಅವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. ದೊಡ್ಡಮ್ಮ ಕಿವಿಯಿಂದ ಕೈ ತೆಗೆದಳು. ಎಂಥ ಮಾತು ಆಡಿದೆನಪ್ಪಾ ಎಂದು ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಡುಗೆಮನೆಯ ಬಳೆಯ ಸದ್ದೂ ನಿಂತಿತ್ತು.

ಮದುವೆಯಾಗಿ ಇಷ್ಟು ವರ್ಷದಲ್ಲಿ ಭಾವನ ಎದುರು ಒಂದು ಮಾತೂ ಆಡದ ಪಾರ್ವತಿಯ ದನಿ ಒಳಗಿನಿಂದ ಬಂತು. ಗಟ್ಟಿಯಾಗಿಯೇ ಬಂತು.

"ನಂಗೂ ಹಾಗೇ ಆಗಿತ್ತು."

ಅಣ್ಣ ಒಮ್ಮೆ ಕೆಮ್ಮಿದ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. "ದನಕ್ಕ ನೀರು ತೋರ್ಸಬೇಕು" ಎಂದು, ದನಗಳೆಲ್ಲ ಮೇಯಲು ಹೋಗಿದ್ದರೂ, ಖಾಲಿ ಕೊಟ್ಟಿಗೆಯ ಕಡೆ ಹೊರಟ. ಹೋಗುತ್ತ, "ಬರ್ರಿ, ಬರ್ರಿ, ಅವ ದಣಿದು ಬಂದಾನ" ಎಂದು ಎಲ್ಲರನ್ನೂ ಹೊರಗೆ ಕರೆದ. ಅವ್ವ ದೊಡ್ಡಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು. ದೊಡ್ಡಮ್ಮನಿಗೆ ಇನ್ನೂ ಕೂರುವ ಆಸೆಯಿತ್ತು, ಅವ್ವ ಬಿಡಲಿಲ್ಲ.

ಪಾರ್ವತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನನ್ನೆದುರು ಕಂಬಕ್ಕೆ ಒರಗಿ ಕುಳಿತಳು. ನಾನೇ ಮೊದಲು ಕೇಳಿದೆ, ಉಳವಿಯ ಗದ್ದೆಯಲ್ಲಿ ನಾಟಿಗೆ ಇಳಿದಾಗ ನೀನು ಹಾಡು ಎತ್ತಿಕೊಡುತ್ತಿದ್ದೆಯೋ, ಹಿಡಿಯುತ್ತಿದ್ದೆಯೋ ಎಂದು. ಅವಳು ಆಶ್ಚರ್ಯದಿಂದ ನನ್ನನ್ನು ನೋಡಿದಳು.

"ಎತ್ತಿಕೊಡ್ತಿದ್ದೋಳು ನಾನೇ ಅಲ್ದಾ" ಎಂದಳು. "ಇಷ್ಟು ವರ್ಷ ಎಂತಕ್ಕೆ ಕೇಳ್ಲಿಲ್ಲ ನೀವು?"

ಆ ಪಡಸಾಲೆಯಲ್ಲಿ ಹಗಲು ಹೊತ್ತು ನಾವಿಬ್ಬರೇ ಕೂತು ಮಾತಾಡಿದ್ದು ಅದೇ ಮೊದಲು.